ಕೆಂಪು ಟೋಪಿ, ಕಿತ್ತಳೆ ಟೋಪಿ

ಜೂನ್ ೪, ಬುಧವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಡಿದವರ ಹಾಗೆ ಓಲಾಡುತ್ತಿವೆ. ಬಲ ಭುಜದ ಆಪರೇಷನ್ ಆಯಿತು. ತೋಳನ್ನು ಪಟ್ಟಿಯಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದಾರೆ. ಮುಂದಿನ ತಿಂಗಳ ಕೊನೆಯವರೆಗೂ ನೀರಿಗಿಳಿಯುವಂತಿಲ್ಲ. ಈಜು ಕಲಿಸುವವಳಿಗೆ ಇನ್ನೇನು ಉಳಿಯಿತು?

ಅತ್ತಿಗೆ ಬಂದಿದ್ದಾರೆ. ನಾನು ಕರೆದಿರಲಿಲ್ಲ.

ಜೂನ್ ೬, ಶುಕ್ರವಾರ

ಅಡುಗೆಮನೆಯ ಡಬ್ಬಿಗಳ ಜಾಗವನ್ನೆಲ್ಲ ಅತ್ತಿಗೆ ಬದಲಾಯಿಸಿದ್ದಾರೆ. ಇವತ್ತು ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದೆ. ಬಾಯಿ ಬಿಡಲಿಲ್ಲ, ಪೂರ್ತಿ ಕುಡಿದೆ. ಸೋತೆ ಅನ್ನಿಸಬಾರದು.

ಜೂನ್ ೯, ಸೋಮವಾರ

ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲ. ಅತ್ತಿಗೆ ಬಾಚಿದರು. ಅವರು ಸಿಕ್ಕು ಬಿಡಿಸುವುದು, ನಾನು ಹಲ್ಲು ಕಚ್ಚುವುದು. ಅಣ್ಣನ ಮದುವೆಯಾದಾಗಿನಿಂದ ನಾವಿಬ್ಬರು ಇಷ್ಟು ಹತ್ತಿರ ಕುಳಿತದ್ದೇ ಇಲ್ಲ.

ಈಜುಕೊಳದ ಆಫೀಸಿನಿಂದ ಫೋನ್ ಬಂತು. ಕೋಚ್ ಸರ್‌ಗೆ ಎಂಬತ್ತು ತುಂಬುತ್ತದಂತೆ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹಳೆಯ ಶಿಷ್ಯರೆಲ್ಲ ಕೊಳದ ಸಭಾಂಗಣದಲ್ಲಿ ಸೇರುವುದಂತೆ. ಹಳೆಯ ಫೋಟೋ, ವಿಡಿಯೋ ಏನಾದರೂ ಇದ್ದರೆ ಕೊಡಿ ಅಂದರು. ಇಲ್ಲ ಅಂದೆ.

ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡಿದ್ದರು. "ಒಂದು ಟೇಪ್ ಇದೆ. ನಿಮ್ಮಣ್ಣ ತೆಗೆದದ್ದು. ಬರ್ತಾ ತಂದಿದೀನಿ, ನಿಂಗೆ ಕೊಡೋಣ ಅಂತ," ಅಂದರು.

"ಯಾವುದು?"

"ಯಾವುದು ಅಂತ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು.

ಜೂನ್ ೧೨, ಗುರುವಾರ

ಇವತ್ತು ಬಲಗೈ ಬೆರಳುಗಳಿಗೆ ಪೆನ್ನು ಸಿಕ್ಕಿತು. ಮೊಣಕೈಗೆ ದಿಂಬು ಕೊಟ್ಟು, ಮಣಿಕಟ್ಟು ಮಾತ್ರ ಆಡಿಸಿ ಬರೆಯಬಹುದು. ಹಾಗಾಗಿ ಮನಸ್ಸಿನಲ್ಲಿರುವುದನ್ನು ಒಮ್ಮೆ ಸರಿಯಾಗಿ ಬರೆದುಬಿಡುತ್ತೇನೆ.

ಆಗ ಅವರಿನ್ನೂ ಅತ್ತಿಗೆಯಲ್ಲ, ಪಕ್ಕದ ಲೇನಿನ ಹುಡುಗಿ. ಇಬ್ಬರಿಗೂ ಒಬ್ಬರೇ ಕೋಚ್, ಒಂದೇ ಕೊಳ. ಬೆಳಕು ಹರಿಯುವ ಮುಂಚೆಯೇ ಬಂದು ಬೀಗ ತೆಗೆಯುವವನಿಗಾಗಿ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದೆವು. ಅವಳ ಬ್ರೆಡ್ಡಿನಲ್ಲಿ ನನಗೆ ಪಾಲು, ನನ್ನ ಟವೆಲಿನಲ್ಲಿ ಅವಳಿಗೆ ಪಾಲು. ಕ್ಲೋರಿನ್ ವಾಸನೆ ಇಬ್ಬರ ಕೂದಲಿನಿಂದಲೂ ಹೋಗುತ್ತಿರಲಿಲ್ಲ. ನೀರಿನೊಳಗೆ ಮಾತ್ರ ನಮಗೆ ಹಾವು ಮುಂಗುಸಿ ಸಂಬಂಧ. ನನ್ನದು ಕೆಂಪು ಟೋಪಿ, ಅವಳದು ಕಿತ್ತಳೆ.

ಆ ಸಲದ ನೂರು ಮೀಟರ್ ಫೈನಲ್‌ನಲ್ಲಿ ಗೆದ್ದವಳಿಗೆ ರಾಷ್ಟ್ರೀಯ ಶಿಬಿರಕ್ಕೆ ಹೋಗುವ ಅವಕಾಶ. ಗೆದ್ದವಳಿಗೆ ಮಾತ್ರ. ಗೋಡೆ ಮೊದಲು ಮುಟ್ಟಿದ್ದು ನಾನು. ನನ್ನ ಅಂಗೈಗೆ ಗೊತ್ತು. ತಲೆ ಎತ್ತಿದಾಗ ಅವಳ ಕೈ ಇನ್ನೂ ನೀರಿನಲ್ಲಿತ್ತು. ಆದರೆ ತೀರ್ಪುಗಾರರು ಗಡಿಯಾರಗಳನ್ನು ಒಂದೆಡೆ ಹಿಡಿದು ತಲೆ ತುರಿಸಿಕೊಂಡರು, ಅವಳ ಹೆಸರು ಓದಿದರು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, "ನೀನು ಮೊದಲು ಮುಟ್ಟಿಲ್ಲ ಕಣೇ," ಅಂದೆ.

"ಹೋಗಿ ಅವರನ್ನ ಕೇಳು," ಅಂದಳು. ಅಷ್ಟೇ. ಅಲ್ಲಿಗೆ ಬ್ರೆಡ್ಡೂ ಮುಗಿಯಿತು, ಟವೆಲೂ ಮುಗಿಯಿತು.

ಅವಳು ಶಿಬಿರಕ್ಕೆ ಹೋದಳು. ವಾಪಸು ಬಂದು ಕೆಲವು ವರ್ಷಕ್ಕೆ ನನ್ನ ಅಣ್ಣನನ್ನು ಮದುವೆಯಾದಳು. ಆಮೇಲೆ ಕೊಳದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನನಗೆ ಬೇಕಾಗಿದ್ದನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲೆ ಎಸೆದ ಹಾಗಾಯಿತು. ನಾನು ಇದೇ ಊರಿನ ಇದೇ ಕೊಳದಲ್ಲಿ ಮಕ್ಕಳಿಗೆ ನೀರಿನಲ್ಲಿ ಗುಳ್ಳೆ ಬಿಡುವುದನ್ನು ಕಲಿಸುತ್ತ ಉಳಿದೆ. ಮದುವೆ ಗಿದುವೆಯ ಗೋಜಿಗೆ ಹೋಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಫೋನ್ ಬಂದರೆ "ಆರೋಗ್ಯವಾ?" ಅನ್ನುತ್ತಿದ್ದೆ. ಅದರಾಚೆಗೆ ನಮ್ಮಿಬ್ಬರ ಹತ್ತಿರ ಮಾತೇ ಇರಲಿಲ್ಲ.

ಆ ಸ್ಪರ್ಧೆಯನ್ನು ಅಣ್ಣ ಗೆಳೆಯನ ಕ್ಯಾಮೆರಾದಲ್ಲಿ ಹಿಡಿದಿದ್ದ. ಟೇಪನ್ನು ನಾನು ಒಮ್ಮೆಯೂ ನೋಡಲಿಲ್ಲ. ನೋಡು ಅಂತ ಅವನೂ ಹೇಳಲಿಲ್ಲ.

ಇವತ್ತು ಅತ್ತಿಗೆ ಅದನ್ನು ಸ್ಟುಡಿಯೋದವನಿಗೆ ಕೊಟ್ಟು ಬಂದರು. ಕಂಪ್ಯೂಟರಿಗೆ ಹಾಕಿಕೊಡುತ್ತಾನಂತೆ.

ಜೂನ್ ೧೬, ಸೋಮವಾರ

ಗೆದ್ದಿದ್ದೇನೆ!

ಅತ್ತಿಗೆ ಔಷಧಿ ಅಂಗಡಿಗೆ ಹೋಗಿದ್ದಾಗ ಸ್ಟುಡಿಯೋದಿಂದ ವಿಡಿಯೋ ಬಂತು. ಒಬ್ಬಳೇ ನೋಡಿದೆ. ಅಣ್ಣ ಗುಂಡಿ ಒತ್ತುವುದರಲ್ಲಿ ಯಾವಾಗಲೂ ಹಿಂದೆ; ಟೇಪು ಶುರುವಾಗುವುದೇ ಕೊನೆಯ ಅರ್ಧ ಸುತ್ತಿನಿಂದ. ಶಬ್ದ ಇಲ್ಲ. ಚಿತ್ರ ಮಂಜು ಮುಸುಕಿದ ಹಾಗಿದೆ. ಕಪ್ಪು ಕಪ್ಪಾಗಿಲ್ಲ, ಬೂದಿಯ ಬಣ್ಣ. ಇರಲಿ. ಎರಡು ತಲೆ ಸ್ಪಷ್ಟವಾಗಿ ಕಾಣುತ್ತವೆ. ಮುಂದಿನ ತಲೆ ಛಾವಣಿಯ ನೆರಳಿನಲ್ಲಿದೆ, ಅದರ ಟೋಪಿ ಗಾಢ, ಕೆಂಪು. ಹಿಂದಿನದು ಬಿಸಿಲಿನಲ್ಲಿದೆ, ತೆಳು ಕಿತ್ತಳೆ. ಮುಂದಿನ ಕೈ ಗೋಡೆ ಮುಟ್ಟುತ್ತದೆ. ಆಮೇಲೆ ಹಿಂದಿನದು.

ಹಿಂದಕ್ಕೆ ಮುಂದಕ್ಕೆ ಎಷ್ಟು ಸಲ ಓಡಿಸಿದೆನೋ. ಮುಟ್ಟಿದ ಕೂಡಲೇ ಮುಂದೆ ಕುಳಿತಿದ್ದವರೆಲ್ಲ ಎದ್ದು ನಿಂತು ಪರದೆಯ ತುಂಬ ಬರೀ ಬೆನ್ನುಗಳು. ಮತ್ತೆ ನೀರು ಕಂಡಾಗ ನಾವಿಬ್ಬರೂ ಟೋಪಿ ಕಿತ್ತು ನಡುವಿನ ಹಗ್ಗಕ್ಕೆ ಜೋತುಬಿದ್ದಿದ್ದೇವೆ. ಎಷ್ಟು ಚಿಕ್ಕವರು ನಾವು! ಭುಜಗಳು ಹೊಸ ಬಾಗಿಲಿನ ಹಾಗೆ.

ಕೊನೆಯಲ್ಲಿ ಯಾರೋ ಕ್ಯಾಮೆರಾ ಕಸಿದುಕೊಂಡು ಅಣ್ಣನ ಕಡೆ ತಿರುಗಿಸಿದ್ದಾರೆ. ಒಂದೆರಡು ಕ್ಷಣ ಅಣ್ಣ ನಗುತ್ತಾನೆ, ಕೈ ಅಡ್ಡ ಇಡುತ್ತಾನೆ, ಮುಗಿಯಿತು.

ಅತ್ತಿಗೆಗೆ ತೋರಿಸಲಿಲ್ಲ. ಸಭಾಂಗಣದಲ್ಲಿ ಎಲ್ಲರ ಎದುರಿಗೇ ನೋಡಲಿ. ಖುಷಿಗೆ ಭುಜ ಕೂಡ ನೋಯಲಿಲ್ಲ.

ಜೂನ್ ೧೯, ಗುರುವಾರ

ಅಡಗಿಸಿಡಲು ಆಗಲಿಲ್ಲ. ಸ್ಟುಡಿಯೋದವನು ಅತ್ತಿಗೆಯ ಫೋನಿಗೂ ಕಳಿಸಿಬಿಟ್ಟಿದ್ದಾನೆ. "ದೊಡ್ಡದರಲ್ಲಿ ನೋಡೋಣ, ಹಾಕು," ಅಂದರು. ಹಾಕಿದೆ. ಕುರ್ಚಿಯ ತುದಿಯಲ್ಲಿ ಕುಳಿತು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಟೋಪಿಗಳ ಹತ್ತಿರ ಬಂದಾಗ ಏನಾಗುತ್ತದೋ ಅಂತ.

ಏನೂ ಆಗಲಿಲ್ಲ. "ನಾನು ನಾಲ್ಕನೇ ಲೇನಿನಲ್ಲಿದ್ದೆ," ಅಂದರು ಅಷ್ಟೇ.

"ನಾಲ್ಕರಲ್ಲಿ ಇದ್ದದ್ದು ನಾನು, ಅತ್ತಿಗೆ. ನೀವು ಐದರಲ್ಲಿ."

"ನಾಲ್ಕರಲ್ಲಿ ನಾನು."

"ಟೋಪಿ ನೋಡಿ ಮತ್ತೆ!"

ಅವರು ಟೋಪಿ ನೋಡಲಿಲ್ಲ. ಅಷ್ಟರಲ್ಲಿ ಅಣ್ಣನ ಮುಖ ಬಂದಿತ್ತು. ಅತ್ತಿಗೆ ಎದ್ದು ನಿಂತರು.

"ಆಸ್ಪತ್ರೆಲಿ ಇದ್ದ ಹಾಗೇ ಕಾಣ್ತಾರೆ," ಅಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಮತ್ತೆ ಹಾಕಿ ನೋಡಿದೆ. ಹೌದು. ಮೂರು ದಿನದಿಂದ ಟೋಪಿಯನ್ನೇ ನೋಡುತ್ತಿದ್ದವಳಿಗೆ ಮುಖ ಕಂಡಿರಲಿಲ್ಲ. ಬಿಳುಚಿದ, ಹಳದಿ ತಿರುಗಿದ ಮುಖ. ಅಣ್ಣ ಹೋದದ್ದು ಕಾಮಾಲೆಯಿಂದ. ಆದರೆ ಈ ಟೇಪಿನ ಕಾಲಕ್ಕೆ ಅವನಿಗೆ ಇನ್ನೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ, ಕಲ್ಲು ತಿಂದು ಕರಗಿಸುವ ವಯಸ್ಸು.

ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು.

ಜೂನ್ ೨೧, ಶನಿವಾರ

ಸ್ಟುಡಿಯೋದವನಿಗೆ ಫೋನ್ ಮಾಡಿದೆ. ಟೇಪು ಕೆಟ್ಟಿದೆಯಾ ಅಂತ ಕೇಳಿದೆ.

"ಟೇಪ್ ಚೆನ್ನಾಗಿದೆ ಮೇಡಂ. ಬಣ್ಣ ಹಳದಿ ಹೊಡೀತಿದೆಯಾ? ಕಪ್ಪು ಬೂದಿ ಥರ ಇದೆಯಾ? ಹಾಗಾದ್ರೆ ತಪ್ಪು ನಂದೇ," ಅಂದ.

ಆಮೇಲೆ ಬಿಡಿಸಿ ಹೇಳಿದ. ವಿಡಿಯೋದಲ್ಲಿ ಕೆಂಪು, ಹಸಿರು, ನೀಲಿ ಅಂತ ನೇರವಾಗಿ ಇರುವುದಿಲ್ಲವಂತೆ. ಬೆಳಕು ಎಷ್ಟು ಅನ್ನುವುದು ಒಂದು ಕಡೆ, ಬಣ್ಣ ಆ ಬೆಳಕಿನಿಂದ ಯಾವ ಕಡೆಗೆ ಎಷ್ಟು ವಾಲಿದೆ ಅನ್ನುವುದು ಇನ್ನೊಂದು ಕಡೆ. ಕಂಪ್ಯೂಟರಿನ ಪರದೆಗೆ ಮಾತ್ರ ಕೆಂಪು, ಹಸಿರು, ನೀಲಿಯೇ ಬೇಕು. ಒಂದರಿಂದ ಇನ್ನೊಂದನ್ನು ಮಾಡಲು ಒಂದು ಲೆಕ್ಕ ಇದೆ. ತೊಂದರೆ ಏನೆಂದರೆ ಲೆಕ್ಕ ಒಂದಲ್ಲ, ಎರಡು. ಹಳೆಯ ಸಣ್ಣ ಚಿತ್ರಗಳಿಗೆ ಒಂದು, ಈಗಿನ ದೊಡ್ಡ ಚಿತ್ರಗಳಿಗೆ ಇನ್ನೊಂದು.

"ನಾನು ನಿಮ್ಮ ಚಿತ್ರಾನ ದೊಡ್ಡದು ಮಾಡಿ ಕೊಟ್ಟೆ, ಚೆನ್ನಾಗಿ ಕಾಣ್ಲಿ ಅಂತ. ಇದು ಹಳೇ ಲೆಕ್ಕದ್ದು ಅಂತ ಫೈಲಿನಲ್ಲಿ ಗುರುತು ಹಾಕೋದು ಮರೆತೆ. ನಿಮ್ಮ ಕಂಪ್ಯೂಟರು ಅಳತೆ ನೋಡಿ, ಓ ಇದು ಹೊಸದು ಅಂದ್ಕೊಂಡು ಹೊಸ ಲೆಕ್ಕ ಹಾಕ್ತಿದೆ. ಕೆಂಪು ಇದ್ದದ್ದು ಕಿತ್ತಳೆ ಕಡೆ ಹೋಗುತ್ತೆ, ಮೈಬಣ್ಣ ಹಳದಿ ಕಡೆ ಹೋಗುತ್ತೆ."

"ಮಂಜು?"

"ಅದು ಇನ್ನೊಂದು. ಬೆಳಕನ್ನ ಅಂಕೀಲಿ ಬರೀತಾರೆ, ವಿಡಿಯೋದಲ್ಲಿ ಕಪ್ಪು ಅಂದ್ರೆ ಹದಿನಾರು. ಕಂಪ್ಯೂಟರಿಗೆ ಕಪ್ಪು ಅಂದ್ರೆ ಸೊನ್ನೆ. ಹದಿನಾರನ್ನ ಸೊನ್ನೆಗೆ ಇಳಿಸದೇ ಹಾಗೇ ತೋರಿಸಿದ್ರೆ ಕಪ್ಪೆಲ್ಲ ಬೂದಿ. ಎರಡೂ ನೀವೇ ಪ್ಲೇಯರಿನ ಸೆಟ್ಟಿಂಗಿನಲ್ಲಿ ಸರಿ ಮಾಡ್ಕೋಬಹುದು. ನಾನು ಬೇರೆ ಊರಲ್ಲಿ ಮದುವೆ ಕೆಲಸದಲ್ಲಿದೀನಿ. ಬಂದಮೇಲೆ ಹೊಸದಾಗಿ ಮಾಡಿಕೊಡ್ತೀನಿ. ಶಬ್ದಾನೂ ನೋಡ್ತೀನಿ, ವೈರು ಸಡಿಲ ಇತ್ತೋ ಏನೋ."

ಫೋನ್ ಇಟ್ಟ ಮೇಲೆ ಅವನ ಒಂದು ಮಾತನ್ನು ಮತ್ತೆ ಹೇಳಿಕೊಂಡೆ. ಕೆಂಪು ಇದ್ದದ್ದು ಕಿತ್ತಳೆ ಕಡೆ ಹೋಗುತ್ತದೆ. ಹಾಗಾದರೆ ಬಿಸಿಲಿನಲ್ಲಿರುವ ಆ ಹಿಂದಿನ ಟೋಪಿ?

ಜೂನ್ ೨೩, ಸೋಮವಾರ

ಯಾವ ಲೆಕ್ಕ ಸರಿ ಅಂತ ನನಗೆ ಹೇಗೆ ಗೊತ್ತಾಗಬೇಕು? ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ. ಬಣ್ಣ ಗೊತ್ತಿರುವ ಒಂದು ವಸ್ತುವನ್ನು ಚಿತ್ರದಲ್ಲಿ ಹುಡುಕಿ ಅಂದಿದ್ದ ಸ್ಟುಡಿಯೋದವನು. ಟೇಪಿನಲ್ಲಿ ಕೊಳದ ಅಂಚಿನ ಟೈಲ್ಸ್ ಬಿಲ್ಲೆಗಳ ಪಟ್ಟಿ ಕಾಣುತ್ತದೆ, ನೀಲಿ. ಆ ಬಿಲ್ಲೆಗಳು ಈಗಲೂ ಇವೆ. ದಿನಾ ಅವುಗಳ ಮೇಲೆ ನಡೆದವಳು ನಾನು. ಆದರೆ ಬಣ್ಣ ಯಾವುದು ಅಂತ ಆಣೆ ಮಾಡಿ ಹೇಳು ಅಂದರೆ ಬಾಯಿ ಬರಲಿಲ್ಲ. ನೀಲಿಯೋ ಹಸಿರೋ?

ಪಟ್ಟಿ ಕಟ್ಟಿದ ತೋಳಿನಲ್ಲೇ ಕೊಳಕ್ಕೆ ಹೋದೆ. ಅತ್ತಿಗೆ ಜೊತೆಗೆ ಬರುತ್ತೇನೆಂದರು, ಬೇಡ ಅಂದೆ. ಮಧ್ಯಾಹ್ನದ ಹೊತ್ತು, ಯಾರೂ ಇರಲಿಲ್ಲ. ನೀರು ಅಲ್ಲಾಡದೆ ನಿಂತಿತ್ತು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ, ನಾವು ಬೀಗ ಕಾಯುತ್ತಿದ್ದ ಮೆಟ್ಟಿಲು. ಚಳಿಗೆ ಇಬ್ಬರೂ ಒಂದೇ ಟವೆಲ್ ಹೊದ್ದು ಕೂರುತ್ತಿದ್ದೆವು. ಅವಳ ಹಲ್ಲು ಕಟಕಟ ಅನ್ನುವುದು ನನ್ನ ಕಿವಿಗೇ ಕೇಳುತ್ತಿತ್ತು. ಅಷ್ಟು ಚಳಿಯಲ್ಲೂ ಅವಳು ಕೋಚ್ ಸರ್ ನಡಿಗೆಯನ್ನು ಅಣಕಿಸಿ ತೋರಿಸಿ ನನ್ನನ್ನು ನಗಿಸುತ್ತಿದ್ದಳು. ಅದೆಲ್ಲ ಎಲ್ಲಿ ಹೋಗಿತ್ತು ಇಷ್ಟು ದಿನ?

ಸಾಮಾನು ಕೋಣೆಯಲ್ಲಿ ಒಡೆದ ಬಿಲ್ಲೆಗಳ ರಾಶಿ ಇದೆ. ಒಂದು ತುಂಡು ಒರೆಸಿ ಚೀಲಕ್ಕೆ ಹಾಕಿಕೊಂಡೆ. ಅದು ಹಸಿರು. ನೀಲಿ ಬೆರೆತಿದೆ, ಆದರೂ ಹಸಿರು.

ಜೂನ್ ೨೫, ಬುಧವಾರ

ಬಿಲ್ಲೆಯನ್ನು ಪರದೆಯ ಪಕ್ಕ ಹಿಡಿದು ಸೆಟ್ಟಿಂಗ್ ಬದಲಾಯಿಸಿದೆ. ಹಳೆಯ ಲೆಕ್ಕ ಹಾಕಿದ ಕೂಡಲೇ ಕೊಳದ ಅಂಚು ಹಸಿರಾಯಿತು. ಕೈಯಲ್ಲಿದ್ದ ತುಂಡಿಗೂ ಅದಕ್ಕೂ ಪೂರ್ತಿ ಹೊಂದಲಿಲ್ಲ, ಆದರೆ ಅಕ್ಕ-ತಂಗಿ ಅನ್ನುವಷ್ಟು ಹೊಂದಿತು. ಕಪ್ಪನ್ನು ಇಳಿಸಿದೆ. ಮಂಜು ಹರಿಯಿತು.

ಹಿಂದಿನ ಟೋಪಿ ಕೆಂಪು. ಬಿಸಿಲಿನಲ್ಲಿ ಹಣ್ಣಿನಂಥ ಕೆಂಪು.

ಮುಂದಿನದು ಕಿತ್ತಳೆ. ನೆರಳು ಅದನ್ನು ಗಾಢ ಮಾಡಿತ್ತು, ಕೆಂಪು ಅಂದುಕೊಂಡದ್ದು ನಾನು.

ಮೊದಲಿದ್ದ ಸೆಟ್ಟಿಂಗಿಗೇ ವಾಪಸು ಹಾಕಿಟ್ಟೆ. ಯಾರು ಕೇಳುತ್ತಾರೆ? ಕಂಪ್ಯೂಟರು ತಾನಾಗಿ ತೋರಿಸಿದ್ದನ್ನೇ ತೋರಿಸಿದೆ ಅಂದರಾಯಿತು. ಸ್ಟುಡಿಯೋದವನಿಗೆ ಹೊಸ ಪ್ರತಿ ಬೇಡ, ಇದೇ ಸಾಕು ಅಂದುಬಿಡಬೇಕು.

ಬಿಲ್ಲೆಯನ್ನು ಕಸದ ಬುಟ್ಟಿಗೆ ಹಾಕಿದೆ.

ಜೂನ್ ೨೮, ಶನಿವಾರ

ವೈದ್ಯರು ತೋಳನ್ನು ನಿಧಾನ ತೂಗಲು ಹೇಳಿದ್ದಾರೆ. ಮುಂದಕ್ಕೆ ಬಗ್ಗಿ ನಿಂತು, ತೋಳನ್ನು ಸಡಿಲ ಬಿಟ್ಟು, ಗಡಿಯಾರದ ಲೋಲಕದ ಹಾಗೆ. ನನಗೆ ಭಯ. ಅತ್ತಿಗೆ ಮೊಣಕೈಗೆ ಕೈ ಕೊಟ್ಟು ನಿಂತರು. "ಬಿಡು, ಭಾರ ನನ್ನ ಮೇಲೆ ಬಿಡು. ನೀರಲ್ಲಿ ಮಕ್ಕಳಿಗೆ ಇದೇ ಹೇಳ್ತೀಯಲ್ಲ?" ಅಂದರು. ಬಿಟ್ಟೆ. ನೋವಾಗಲಿಲ್ಲ.

ತೋಳು ತೂಗುತ್ತಲೇ, ನನ್ನ ಮುಖ ನೋಡದೆ, ಹೇಳತೊಡಗಿದರು.

"ಕೊನೆಕೊನೆಗೆ ನಿಮ್ಮಣ್ಣ ಕನ್ನಡಿ ಕೇಳೋರು. ಗಡ್ಡ ಮಾಡ್ಕೋಬೇಕು ಅಂತ. ಒಡೆದು ಹೋಯ್ತು ಅಂತ ಸುಳ್ಳು ಹೇಳ್ತಿದ್ದೆ. ಮುಖ ಅಷ್ಟು ಹಳದಿ ಆಗಿತ್ತು. ನಾನೇ ಗಡ್ಡ ಮಾಡ್ತಿದ್ದೆ. ಈಗ ಕಣ್ಣು ಮುಚ್ಚಿದ್ರೆ ಅದೇ ಮುಖ ಬರುತ್ತೆ ಕಣೇ. ಅದಕ್ಕೆ ಮುಂಚೆ ಇದ್ದದ್ದು ಬರೋದೇ ಇಲ್ಲ."

"ಮನೇಲಿ ಅಷ್ಟೊಂದು ಟೇಪ್ ಇದಾವಲ್ಲ?"

"ಎಲ್ಲಾ ಅವರೇ ತೆಗೆದದ್ದು. ಎಲ್ಲದರಲ್ಲೂ ನಾನು, ಮಗಳು, ಕೇಕು, ಸೋಫಾ. ಅವರೆಲ್ಲಿದಾರೆ? ಕ್ಯಾಮೆರಾ ಹಿಂದೆ. ಅವರು ಕಾಣೋದು ಈ ಒಂದು ಟೇಪಿನಲ್ಲಿ ಮಾತ್ರ. ನೋಡಬಹುದು ಅಂತ ಆಸೆಯಿಂದ ತಂದೆ. ಹಾಳಾದ್ದು, ಅಲ್ಲೂ ಅದೇ ಮುಖ."

"ಅಯ್ಯೋ, ಅತ್ತಿಗೆ, ನೀನು ಮೊದಲೇ ಯಾಕೆ ಹೇಳ್ಲಿಲ್ಲ?" ಅಂದೆ.

ತೂಗುತ್ತಿದ್ದ ಕೈ ನಿಂತಿತು. "ಏನಂದೆ?"

"ಮೊದಲೇ ಯಾಕೆ ಹೇಳ್ಲಿಲ್ಲ ಅಂದೆ."

"ಅದಲ್ಲ... ಹೋಗ್ಲಿ ಬಿಡು," ಅಂದಳು. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಯಾಕೆ ನಕ್ಕಳೋ ತಿಳಿಯಲಿಲ್ಲ.

ಜುಲೈ ೧, ಮಂಗಳವಾರ

ಬೆಳಿಗ್ಗೆ ಅತ್ತಿಗೆ ಸ್ನಾನಕ್ಕೆ ಹೋದಾಗ ಕಂಪ್ಯೂಟರಿನಲ್ಲಿ ಹಳೆಯ ಲೆಕ್ಕ ಹಾಕಿದೆ, ಕಪ್ಪನ್ನು ಕಪ್ಪು ಮಾಡಿದೆ, ಮುಚ್ಚಿಟ್ಟೆ. ಅವಳು ಒದ್ದೆ ಕೂದಲಿನಲ್ಲೇ ಬಂದಾಗ, "ಕೂತ್ಕೋ," ಅಂದೆ.

ಸ್ಪರ್ಧೆಯ ಭಾಗವನ್ನು ದಾಟಿಸಿ ನೇರ ಅಣ್ಣನಿಗೆ ಬಂದೆ.

ಅಣ್ಣನ ಕೆನ್ನೆಯಲ್ಲಿ ರಕ್ತ ಇತ್ತು. ಬಿಸಿಲಿಗೆ ಮೂಗಿನ ತುದಿ ಕೆಂಪಾಗಿತ್ತು. ಕೂದಲು ಕಪ್ಪು ಅಂದರೆ ಮಿರಮಿರ ಕಪ್ಪು. ಅವನು ನಕ್ಕ, ಕೈ ಅಡ್ಡ ಇಟ್ಟ.

"ಇದು ನಿಮ್ಮಣ್ಣ," ಅಂದಳು ಅತ್ತಿಗೆ. ಯಾರಿಗೋ ಪರಿಚಯ ಮಾಡಿಕೊಡುವ ಹಾಗೆ.

ಮತ್ತೆ ಹಾಕು ಅಂದಳು. ಹಾಕಿದೆ. ಮತ್ತೆ. ಆ ಒಂದೆರಡು ಕ್ಷಣಗಳಲ್ಲೇ ಬೆಳಗಿನ ಹೊತ್ತು ಕಳೆಯಿತು. ಅವಳ ಕೂದಲಿನ ನೀರು ನನ್ನ ಮೇಜಿನ ಮೇಲೆಲ್ಲ ತೊಟ್ಟಿಕ್ಕಿತು. ಒಂದು ಸಲ ಬೆರಳು ಚಾಚಿ ಪರದೆಯ ಮೇಲೆ ಅವನ ಮೂಗು ಮುಟ್ಟಿ, "ಇಲ್ಲಿ ಯಾವಾಗ್ಲೂ ಸಿಪ್ಪೆ ಏಳ್ತಿತ್ತು," ಅಂದಳು. ಆಮೇಲೆ ಮಗಳಿಗೆ ಫೋನ್ ಹಚ್ಚಿ, "ಬಾರೇ, ನಿಮ್ಮಪ್ಪನ್ನ ನೋಡು ಬಾ," ಅಂದಳು. ಮಧ್ಯಾಹ್ನ ಎಷ್ಟೋ ದಿನದ ಮೇಲೆ ಎರಡು ಸಲ ಅನ್ನ ಬಡಿಸಿಕೊಂಡಳು.

ಆಮೇಲೆ ಇಡೀ ಟೇಪನ್ನೂ ನೋಡಿದೆವು. ಮೊದಲು ಮುಟ್ಟಿದ್ದು ಕಿತ್ತಳೆ ಟೋಪಿಯೇ. ಇಬ್ಬರೂ ಆ ಮಾತೆತ್ತಲಿಲ್ಲ.

ಆದರೆ ಇನ್ನೊಂದು ಕಂಡಿತು. ಟೋಪಿ ಯಾವುದು ಯಾರದ್ದು ಅಂತ ತಿಳಿದ ಮೇಲೆ ಕಂಡದ್ದು. ಕ್ಯಾಮೆರಾ ಮೊದಲಿನಿಂದ ಕೊನೆಯವರೆಗೂ ಕಿತ್ತಳೆ ಟೋಪಿಯನ್ನೇ ನಡುವೆ ಇಟ್ಟುಕೊಂಡು ಹೋಗಿದೆ. ಕೆಂಪು ಟೋಪಿ ಅಂಚಿನಲ್ಲಿ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಅಣ್ಣ ನನ್ನನ್ನು ಹಿಡಿಯಲೆಂದು ಕ್ಯಾಮೆರಾ ಬೇಡಿ ತಂದವನು.

ಗೆಲುವು ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಆದರೂ ಅತ್ತಿಗೆ ಅವನ ಮೂಗು ಮುಟ್ಟಿದ್ದು ನೆನೆಸಿಕೊಂಡರೆ, ಇರಲಿ ಅನ್ನಿಸುತ್ತದೆ. ಅವನು ಅವತ್ತೇ ಅವಳನ್ನು ನೋಡುತ್ತಿದ್ದ, ಅಷ್ಟೇ. ನೋಡದೇ ಇರಲು ಅವಳೇನು ಕಡಿಮೆ ಚೆಂದ ಈಜುತ್ತಿದ್ದಳಾ?

ಜುಲೈ ೬, ಭಾನುವಾರ

ಬೆಳಿಗ್ಗೆ ಅತ್ತಿಗೆ ನನಗೆ ಜಡೆ ಹಾಕಿದಳು, ಚಿಕ್ಕ ಹುಡುಗಿಗೆ ಹಾಕಿದ ಹಾಗೆ ಬಿಗಿಯಾಗಿ. "ಎಳೀಬೇಡ, ರಾಕ್ಷಸಿ," ಅಂದೆ. "ಅಲ್ಲಾಡ್ಬೇಡ, ಕೋತಿ," ಅಂದಳು.

ಸಭಾಂಗಣ ತುಂಬಿತ್ತು. ಬೋಳು ತಲೆಗಳು, ಹೊಟ್ಟೆಗಳು, ಕನ್ನಡಕಗಳು. ಯಾರ ಗುರುತೂ ಸಿಗದು, ನಡಿಗೆ ನೋಡಿದರೆ ಮಾತ್ರ ಸಿಗುತ್ತದೆ. ಒಬ್ಬ ಇವತ್ತಿಗೂ ಕಿವಿಯಿಂದ ನೀರು ತೆಗೆಯುವವನ ಹಾಗೆ ತಲೆ ವಾಲಿಸಿಯೇ ಮಾತಾಡುತ್ತಾನೆ. ಕೋಚ್ ಸರ್ ಗಾಲಿ ಕುರ್ಚಿಯಲ್ಲಿದ್ದರು, ಕೊರಳಲ್ಲಿ ಸೀಟಿ. ನನ್ನ ತೋಳಿನ ಪಟ್ಟಿ ನೋಡಿ, "ಮೊಣಕೈ ಎತ್ತು ಎತ್ತು ಅಂತ ಬಡ್ಕೊಂಡೆ, ಕೇಳಿದ್ಯಾ? ಈಗ ನೋಡು," ಅಂದರು.

ಸ್ಟುಡಿಯೋದವನು ತಾನೇ ಬಂದಿದ್ದ, ಹೊಸ ಪ್ರತಿ ಹಿಡಿದುಕೊಂಡು. "ಈ ಸಲ ಗುರುತೆಲ್ಲ ಸರಿಯಾಗಿ ಹಾಕಿದೀನಿ, ಯಾವ ಪರದೇಲಾದ್ರೂ ಬಣ್ಣ ಇದೇ ಬರುತ್ತೆ. ಶಬ್ದಾನೂ ಸಿಕ್ತು," ಅಂದ. ಶಬ್ದದಲ್ಲಿ ಏನಿದೆ ಅಂತ ಕೇಳಲು ಹೊತ್ತಿರಲಿಲ್ಲ, ದೀಪ ಆರಿಸಿಬಿಟ್ಟರು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಮ್ಮ ಕೊಳ. ಹಸಿರು ಅಂಚು, ಬಿಸಿಲು, ನೀರಿನ ಸದ್ದು, ಜನರ ಗದ್ದಲ. ಇಷ್ಟು ವರ್ಷ ಮೂಕವಾಗಿದ್ದದ್ದು ಒಮ್ಮೆಲೇ ಬಾಯಿ ತೆರೆದ ಹಾಗೆ. ಹಿಂದಿನ ಸಾಲಿನಿಂದ ಯಾರೋ, "ಯಾರದು ಮುಂದೆ? ಯಾರದು?" ಅಂದರು. "ಕಿತ್ತಳೆ," ಅಂತ ನಾನೇ ಗಟ್ಟಿಯಾಗಿ ಹೇಳಿದೆ. "ನಮ್ಮ ಅತ್ತಿಗೆ." ಕತ್ತಲಲ್ಲಿ ಅತ್ತಿಗೆ ನನ್ನ ಎಡಗೈ ಹುಡುಕಿ 'ಸುಮ್ನಿರು' ಅನ್ನುವಂತೆ ಜಿಗುಟಿದಳು.

ಕಿತ್ತಳೆ ಟೋಪಿಯ ಕೈ ಗೋಡೆ ಮುಟ್ಟಿತು. ಎಲ್ಲರೂ ಎದ್ದು ನಿಂತರು, ಪರದೆ ತುಂಬ ಬೆನ್ನುಗಳು. ಆ ಬೆನ್ನುಗಳ ಮೇಲಿಂದ, ಕ್ಯಾಮೆರಾಕ್ಕೆ ತೀರ ಹತ್ತಿರದಿಂದ, ಅಣ್ಣನ ದನಿ:

"ಗೆದ್ಲು! ಗೆದ್ಲು ಕಣ್ರೋ! ನಮ್ಮ ಹುಡುಗಿ ಗೆದ್ಲು!"

ಆ ದನಿ ಆಗಿನ್ನೂ ಪೂರ್ತಿ ಒಡೆದಿರಲಿಲ್ಲ. ಅತ್ತಿಗೆಯ ಉಗುರು ನನ್ನ ಅಂಗೈಯಲ್ಲಿ ಇಳಿಯಿತು. ಆಮೇಲೆ ಅವನ ಮುಖ ಬಂತು, ಗೋಡೆಯಷ್ಟು ದೊಡ್ಡದಾಗಿ, ಕೆನ್ನೆ ತುಂಬ ರಕ್ತ. ನಕ್ಕ. ದೀಪ ಹಾಕಿದಾಗ ಕೋಚ್ ಸರ್ ಸೀಟಿ ಊದುತ್ತಿದ್ದರು. ನಾವಿಬ್ಬರೂ ಮುಖ ಒರೆಸಿಕೊಳ್ಳುತ್ತಿದ್ದೆವು.

ಊಟ ಮುಗಿಸಿ ಮನೆಗೆ ನಡೆದೇ ಬಂದೆವು. ತಿರುವಿನಲ್ಲಿ ನಾನೇ ಅಂದೆ, "ಕೇಳಿದ್ಯಲ್ಲ? ನಮ್ಮ ಹುಡುಗಿ ಅಂದ. ಅವತ್ತೇ ನಿನ್ನನ್ನ ನಮ್ಮ ಹುಡುಗಿ ಅಂದ್ಬಿಟ್ಟಿದ್ದ ಕಳ್ಳ."

ಅತ್ತಿಗೆ ಅಲ್ಲೇ ನಿಂತಳು. "ನನ್ನನ್ನಾ? ನಿನ್ನನ್ನ ಅಂದದ್ದು."

"ಗೆದ್ದದ್ದು ನೀನು ತಾನೇ? ಎಲ್ಲರೂ ನೋಡಿದ್ರು. ಕ್ಯಾಮೆರಾ ಉದ್ದಕ್ಕೂ ನಿನ್ನ ಟೋಪಿ ಹಿಂದೇನೇ ಹೋಗಿದೆ."

"ನಿನ್ನ ತಲೆ. ನಿಮ್ಮಣ್ಣ ಅವತ್ತಿನ ತನಕ ನನ್ನ ಮುಖ ಕೂಡ ನೋಡಿರ್ಲಿಲ್ಲ. ಬಹುಮಾನ ಕೊಡೋವಾಗ ನೋಡಿದ್ದು, ಅದೂ ನಾನು ಮೆಟ್ಲಲ್ಲಿ ಜಾರಿ ಬಿದ್ದಿದ್ದಕ್ಕೆ."

"ಮತ್ತೆ ಕಿತ್ತಳೆ ಟೋಪಿ ಯಾಕೆ ಹಿಡಿದ?"

"ಕಿತ್ತಳೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?" ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಆ ಕ್ಯಾಮೆರಾನೇ ಆಮೇಲೆ ಗೆಳೆಯನಿಂದ ಕೊಂಡ್ಕೊಂಡ್ರು, ಎಷ್ಟು ವರ್ಷ ಮನೇಲಿತ್ತು! ನಾನೂ ಅದರಲ್ಲಿ ಮಗಳನ್ನ ನೋಡಿದೀನಿ. ಕಣ್ಣಿಟ್ಟು ನೋಡೋ ಆ ಕಿಂಡಿ ಇತ್ತಲ್ಲ, ಅದರೊಳಗೆ ಬಣ್ಣ ಎಲ್ಲಿತ್ತೇ? ಬರೀ ಕಪ್ಪು-ಬಿಳುಪು. ಬಣ್ಣ ಟೇಪಿಗೆ ಹೋಗ್ತಿತ್ತು, ಹಿಡಿಯೋನಿಗೆ ಕಾಣ್ತಿರ್ಲಿಲ್ಲ. ನಿಮ್ಮಣ್ಣನಿಗೆ ಕಂಡಿದ್ದು ಎರಡು ಬೂದಿ ತಲೆ. ಮುಂದೆ ಇದ್ದದ್ದು ತಂಗೀದು ಅಂದ್ಕೊಂಡ್ರು. ತಂಗಿ ಅಲ್ದೆ ಇನ್ಯಾರು ಮುಂದೆ ಇರ್ತಾರೆ ಅವರಿಗೆ?"

ನಾನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ. ಸೈಕಲಿನವನು ಗಂಟೆ ಹೊಡೆದು ಬೈದು ಹೋದ.

"ಸುಳ್ಳು ಹೇಳ್ತಿದೀಯ, ನನ್ನ ಸಮಾಧಾನಕ್ಕೆ."

"ನನಗೇನು ಗ್ರಹಚಾರ?"

"ಅವನು ನಿನ್ನನ್ನೇ ಅಂದದ್ದು. ಅವನ ದನಿ ನಂಗೊತ್ತು, ನನಗೆ ಅಷ್ಟು ಖುಷಿಯಾಗಿ ಯಾವತ್ತೂ ಕೂಗಿಲ್ಲ."

"ನಿನಗೇ ಕೂಗಿದ್ದು. ನಾನು ಅವರ ಜೊತೆ ಸಂಸಾರ ಮಾಡಿದೋಳು, ನನ್ನ ಹತ್ರ ವಾದ ಮಾಡ್ಬೇಡ."

ಹಾಲಿನ ಅಂಗಡಿ ದಾಟಿದರೂ ಮುಗಿಯಲಿಲ್ಲ. ಮೆಟ್ಟಿಲು ಹತ್ತಿದರೂ ಮುಗಿಯಲಿಲ್ಲ. ಬೀಗ ತೆಗೆಯುವಾಗ ಎದುರು ಮನೆಯಾಕೆ ಬಾಗಿಲು ತೆರೆದು, "ಏನಾಯ್ತು, ಜಗಳನಾ?" ಅಂತ ಗಾಬರಿಯಾಗಿ ಕೇಳಿದರು. "ಹೌದು," ಅಂದೆವು ಇಬ್ಬರೂ.

ಇಷ್ಟು ಬರೆಯುವಷ್ಟರಲ್ಲಿ ಅವಳು ಅಡುಗೆಮನೆಯಿಂದ ಚಹಾ ಸೋಸುತ್ತ ಮತ್ತೆ ಕೂಗುತ್ತಿದ್ದಾಳೆ: "ಕಪ್ಪು-ಬಿಳುಪು ಕಣೇ, ಕಪ್ಪು-ಬಿಳುಪು!"

ಹೋಗಿ ಉತ್ತರ ಕೊಡಬೇಕು.